ಫೌಜಿ ಗಾಡಿಯ ಮುಂದಿನ ಎರಡು ಗಾಲಿ

ನಾಚಿಕೆಯಿಂದ ತೊಂದರೆ ಆಗುವುದು ನಾಚುವವರಿಗೆ ಮಾತ್ರ ಎಂದು ಜನ ತಿಳಿದಿದ್ದಾರೆ. ಅದು ಸುಳ್ಳು. ಒಂದು ಮನೆಯೊಳಗೆ ನಾಚಿಕೆ ಹೊಕ್ಕಿತೆಂದರೆ ಮೊದಲು ಸೊಸೆಯನ್ನು ಹಿಡಿಯುತ್ತದೆ, ಆಮೇಲೆ ಅವಳ ಗಂಡನನ್ನು ಹಿಡಿಯುತ್ತದೆ, ಕಡೆಗೆ ಅಂಗಳದಲ್ಲಿ ನಿಂತಿರುವ ಮೋಟಾರನ್ನೂ ಬಿಡುವುದಿಲ್ಲ. ನಾನು ಹುಟ್ಟಾ ನಾಚಿಕೆಯ ಹೆಣ್ಣು. ಕಮಲಾಪುರದ ಶಾಲೆಯಲ್ಲಿ ನಾಲ್ಕನೆಯ ಜಮಾತಿನ ತನಕ ಓದಿದೆ. ಮಾಸ್ತರರು ಲೆಕ್ಕ ಕೇಳಿದರೆ ಉತ್ತರವನ್ನು ನನ್ನ ಪಾಟಿಗೆ ಹೇಳುತ್ತಿದ್ದೆ. ಪಕ್ಕದಲ್ಲಿ ಕೂತ ಹುಡುಗಿ ಅದನ್ನು ಎತ್ತಿಕೊಂಡು ಮಾಸ್ತರರಿಗೆ ಮುಟ್ಟಿಸುತ್ತಿದ್ದಳು. ಉತ್ತರ ಸರಿಯಿದ್ದರೆ ಶಾಬಾಶಿ ಅವಳಿಗೆ, ತಪ್ಪಿದ್ದರೆ ಬೆತ್ತ ನನಗೆ. ಆದರೂ ಎದ್ದು ನಿಂತು ಹೇಳುವುದಕ್ಕಿಂತ ಬೆತ್ತವೇ ಹಗುರ ಎನ್ನಿಸುತ್ತಿತ್ತು.

ಈ ಮಾತು ಈಗ ಯಾಕೆ ಬಂತೆಂದರೆ, ನಮ್ಮ ಮೊಮ್ಮಗ ಶರಣು ಒಂದು ಹಳೆಯ ಪಿಕಪ್ ಗಾಡಿ ತಂದು ಮನೆಯ ಮುಂದೆ ನಿಲ್ಲಿಸಿದ್ದಾನಲ್ಲ, ಅದರ ಫೋರ್‌ವ್ಹೀಲ್ ಗೇರು ಒಮ್ಮೆ ಬೀಳುತ್ತದೆ, ಒಮ್ಮೆ ಬೀಳುವುದಿಲ್ಲ. ಹೊಸದಾಗಿ ಮದುವೆಯಾದ ಹುಡುಗ ಹೆಂಡತಿಯ ಮುಖ ನೋಡುವುದಕ್ಕಿಂತ ಗಾಡಿಯ ಹೊಟ್ಟೆ ನೋಡುವುದೇ ಹೆಚ್ಚಾಗಿದೆ. ಮೊನ್ನೆ ಗಾಡಿಯ ಕೆಳಗೆ ಮಲಗಿ, ಎರಡು ಕಾಲು ಮಾತ್ರ ಹೊರಗೆ ಚಾಚಿಕೊಂಡು, "ಆಯಿ, ಎಲ್ಲಾ ಬಿಚ್ಚಿ ನೋಡೀನಿ. ಏನೂ ಖರಾಬ್ ಆಗಿಲ್ಲ. ಆದ್ರೂ ಬೀಳವಲ್ದು" ಎಂದ. ನನಗೆ ನಗು ತಡೆಯಲಾಗಲಿಲ್ಲ. "ನಗ್ತಿ ಯಾಕ?" ಎಂದು ಆ ಕಾಲುಗಳು ಕೇಳಿದವು. ನಾನು ಹೇಳಲಿಲ್ಲ. ಎದುರಾ ಎದುರು ಹೇಳುವುದು ನನ್ನಿಂದ ಆಗದ ಕೆಲಸ. ಬರೆದರೆ ಹೇಗೋ ಆಗುತ್ತದೆ. ಆದ್ದರಿಂದ ಮೊಮ್ಮಕ್ಕಳೆಲ್ಲ ಸೇರಿ ಓದಿಕೊಳ್ಳಿ. ಶರಣು ಗಾಡಿಯ ಕೆಳಗಿದ್ದರೆ ಯಾರಾದರೂ ಗಟ್ಟಿಯಾಗಿ ಓದಿ ಹೇಳಿ.

ನಮ್ಮ ಮನೆಗೆ ಫೌಜಿ ಗಾಡಿ ಬಂದದ್ದು ಭಾರತದ ಸೈನ್ಯ ಬಂದು ಪೊಲೀಸ್ ಆಕ್ಷನ್ ಆದ ಮೇಲೆ. ಅದಕ್ಕೆ ಮುಂಚಿನ ದಿನಗಳ ಹೆದರಿಕೆ ನಗುವ ವಿಷಯವಲ್ಲ, ಅದನ್ನು ಇಲ್ಲಿಗೆ ತರುವುದಿಲ್ಲ. ಹೆದರಿಕೆ ಇಳಿದು, ಜನ ಮತ್ತೆ ಬಾಗಿಲು ತೆರೆದು ವ್ಯಾಪಾರಕ್ಕೆ ಕೂತಾಗ, ಸೈನ್ಯದವರು ಬೇಡವಾದ ಹಳೆಯ ಗಾಡಿಗಳನ್ನು ಹರಾಜು ಹಾಕಿದರು. ನನ್ನ ಮಾವ ಹೋಗಿ ಒಂದನ್ನು ಹಿಡಿದುಕೊಂಡು ಬಂದರು. ಹಿಡಿದುಕೊಂಡು ಎಂದೇ ಹೇಳಬೇಕು, ಯಾಕೆಂದರೆ ಎತ್ತಿನ ಸಂತೆಗೆ ಹೋಗುವವರ ಹಾಗೆ ಅವರು ಹೆಗಲಿಗೆ ಹಗ್ಗ ಹಾಕಿಕೊಂಡು ಹೋಗಿದ್ದರು. ಆ ಹಗ್ಗ ಉಪಯೋಗಕ್ಕೂ ಬಂತು. ಗಾಡಿ ಮನೆಯ ತನಕ ಬಂದದ್ದು ಇನ್ನೊಬ್ಬರ ಲಾರಿಯ ಹಿಂದೆ ಕಟ್ಟಿಸಿಕೊಂಡೇ. ಮುಂದೆ ಮೂವರು ಕೂಡುವ ಒಂದೇ ಉದ್ದ ಸೀಟು, ಹಿಂದೆ ಸಾಮಾನು ಹೇರಲು ತೆರೆದ ತೊಟ್ಟಿ, ನಡುವಿನ ಗೋಡೆಯಲ್ಲಿ ಒಂದು ಸಣ್ಣ ಕಿಟಕಿ. ಬಣ್ಣ ಒಣಗಿದ ಸಗಣಿಯದು. ನನ್ನ ಅತ್ತೆ ಸುತ್ತ ಒಮ್ಮೆ ತಿರುಗಿ ನೋಡಿ, "ಬಣ್ಣ ಮನೀದ ಅನಸ್ತದ. ಇರ್ಲಿ" ಎಂದರಂತೆ.

ಮಾವನ ವ್ಯಾಪಾರ ಬಾಳೆಹಣ್ಣಿನದು. ಕಮಲಾಪುರದ ಕೆಂಪು ಬಾಳೆಗೊನೆಗಳನ್ನು ಹೇರಿಕೊಂಡು ಬಂದು ಸ್ಟೇಶನ್ ಬಜಾರದಲ್ಲಿ ಇಳಿಸುವುದು. ಮನೆ ಕಲಬುರಗಿಯ ಕೋಟೆಯ ಹತ್ತಿರ, ಕಂದಕದ ಆಚೆ. ಗಾಡಿ ತಂದ ಮೇಲೆ ಮಾವ ಕಂಡಕಂಡವರನ್ನೆಲ್ಲ ಅದರ ಮುಂದೆ ನಿಲ್ಲಿಸಿ ಹೇಳುತ್ತಿದ್ದರು: "ಬ್ಯಾರೆ ಮೋಟಾರಿಗಿ ಹಿಂದಿನ ಗಾಲಿ ದಬ್ಬತಾವ, ಮುಂದಿನ್ವು ಸುಮ್ಮ ಉರುಳ್ತಾವ. ಇದಕ್ಕ ಹಂಗಲ್ಲ. ಹಿಂದಿನ್ವು ದಬ್ಬತಾವ, ಮುಂದಿನ್ವು ಜಗ್ಗತಾವ. ಹಿಂದ ನಾಕು ಆಳು, ಮುಂದ ಒಂದ್ ಜೋಡಿ ಎತ್ತು, ಹಂಗ ತಿಳ್ಕೋರಿ." ಹೀಗೆ ಹೇಳಿ ಹೇಳಿ ಕಡೆಗೆ ಅವರಿಗೇ ಅದು ನಿಜವಾಗಿಬಿಟ್ಟಿತು. ನಮ್ಮಲ್ಲಿ ಸೋಮವಾರ ಎತ್ತಿಗೆ ನೊಗ ಇಡುವುದಿಲ್ಲ ನೋಡಿ, ಮಾವ ಸೋಮವಾರ ಗಾಡಿಯನ್ನೂ ಹೊರಗೆ ತೆಗೆಯುತ್ತಿರಲಿಲ್ಲ. ಸ್ಟೇಶನ್ ಬಜಾರದ ದಲಾಲ ಒಬ್ಬ, "ನಿನ್ನಿ ಯಾಕ ಮಾಲ್ ಬರಲಿಲ್ರಿ?" ಎಂದು ಕೇಳಿದರೆ, "ಬಸವಣ್ಣನ ವಾರ" ಎನ್ನುವರು. "ಮೋಟಾರದಾಗ ಬಸವಣ್ಣ ಎಲ್ಲಿ ಕುಂತಾನ್ರಿ?" ಎಂದರೆ, "ಮುಂದಿನ ಎರಡು ಗಾಲ್ಯಾಗ" ಎಂದು ಮುಂದೆ ನಡೆಯುವರು.

ಆ ಬಸವಣ್ಣನನ್ನು ಎಬ್ಬಿಸುವುದಕ್ಕೆ ಸೀಟಿನ ಮುಂದೆ, ನಟ್ಟನಡುವೆ, ನೆಲದಿಂದ ಎದ್ದ ಒಂದು ಕಬ್ಬಿಣದ ಕೋಲು ಇತ್ತು. ಅದರ ತಲೆಗೆ ನಿಂಬೆಹಣ್ಣಿನಷ್ಟು ದಪ್ಪದ ಗುಂಡು. ಅದನ್ನು ಸೀಟಿನ ಕಡೆ ಪೂರ್ತಿ ಎಳೆದರೆ ಮುಂದಿನ ಗಾಲಿಗಳೂ ಜಗ್ಗತೊಡಗುತ್ತವೆ. ಡಾಂಬರು, ಕಂಕರಿನ ರಸ್ತೆಯಲ್ಲಿ ಅದರ ಕೆಲಸವಿಲ್ಲ. ಆದರೆ ಕಮಲಾಪುರದ ದೊಡ್ಡ ರಸ್ತೆ ಬಿಟ್ಟು ನಮ್ಮ ಅಪ್ಪನ ಬಾಳೆಯ ತೋಟಕ್ಕೆ ಇಳಿಯಬೇಕಾದರೆ ಒಂದು ಹಳ್ಳ ಸಿಗುತ್ತದೆ. ಅಲ್ಲಿಯದು ಎರೆಮಣ್ಣು. ಮಳೆ ಬಿದ್ದರೆ ಆ ಮಣ್ಣು ಚಪ್ಪಲಿಯನ್ನು ತಾನಿಟ್ಟುಕೊಂಡು ಕಾಲನ್ನು ಮಾತ್ರ ವಾಪಸು ಕೊಡುತ್ತದೆ. ಆ ತೋಟದ ಗೊನೆಗಳನ್ನು ಕೊಳ್ಳಲು ಬಂದ ಮಾವ ಗೊನೆಗಳ ಜೊತೆ ನನ್ನನ್ನೂ ಗೊತ್ತುಮಾಡಿಕೊಂಡು ಹೋದರು. ಹಾಗೆ ನಾನು ಈ ಮನೆಯ ಸೊಸೆಯಾದೆ. ಗಾಡಿ ನಡೆಸುತ್ತಿದ್ದವರು ಮಾವನ ಮಗ, ನನ್ನ ಯಜಮಾನರು, ನಿಮ್ಮ ಮುತ್ಯಾ. ಅವರು ಹೋಗಿ ಇಷ್ಟು ವರ್ಷವಾದರೂ ಹೆಸರು ಹೇಳಲು ನನಗೆ ಬಾಯಿ ಬರುವುದಿಲ್ಲ. ಬೇಕಾದರೆ ಗೋಡೆಯ ಮೇಲಿನ ಫೋಟೋದ ಕೆಳಗೆ ಇದೆ, ಓದಿಕೊಳ್ಳಿ.

ಈಗ ಗಾಡಿಯಲ್ಲಿ ನಾವು ಕೂಡುತ್ತಿದ್ದ ಪದ್ಧತಿ ಹೇಳಬೇಕು, ಎಲ್ಲ ತೊಡಕೂ ಅಲ್ಲಿಯೇ ಇರುವುದು. ಮಾವ ಮತ್ತು ಸೊಸೆ ಒಂದೇ ಸೀಟಿನಲ್ಲಿ ಕೂಡುವ ಹಾಗಿಲ್ಲ. ಆದ್ದರಿಂದ ಗಾಡಿಯ ಒಡೆಯರಾದ ಮಾವ ಹಿಂದಿನ ತೊಟ್ಟಿಯಲ್ಲಿ ರುಮಾಲು ಹಿಡಿದುಕೊಂಡು ನಿಲ್ಲುವರು. ಮುಂದೆ ನಿಮ್ಮ ಮುತ್ಯಾ ಮತ್ತು ನಾನು. ಆದರೆ ಹಿಂದಿನ ಸಣ್ಣ ಕಿಟಕಿಯಲ್ಲಿ ಮಾವನಿಗೆ ಎಲ್ಲ ಕಾಣುತ್ತದೆ. ಹಿರಿಯರು ನೋಡುತ್ತಿರುವಾಗ ಗಂಡ ಹೆಂಡತಿ ಮೈಗೆ ಮೈ ತಾಗಿಸಿ ಕೂತರೆ ಹೇಗೆ? ರಸ್ತೆಯ ಕುಣಿಗಳೋ, ಎಲ್ಲರನ್ನೂ ಒಂದೇ ಕಡೆ ದಬ್ಬುವಂಥವು. ಅತ್ತೆ ಅದಕ್ಕೊಂದು ಉಪಾಯ ಮಾಡಿದ್ದರು. ನಾನು ತವರಿಗೆ ಹೊರಟಾಗಲೆಲ್ಲ ಕಡಕ್ ರೊಟ್ಟಿ ಬಡಿದು, ಗೋಪುರದ ಹಾಗೆ ಒಂದರ ಮೇಲೊಂದು ಪೇರಿಸಿ, ಹಳೆಯ ಧೋತರದಲ್ಲಿ ಬಿಗಿಯಾಗಿ ಗಂಟು ಕಟ್ಟಿ, ಆ ಗಂಟನ್ನು ತಾವೇ ತಂದು ನಮ್ಮಿಬ್ಬರ ನಡುವೆ ಕೂಡಿಸುವರು. ಗಂಟಿನ ಹೊಟ್ಟೆ ಸೀಟಿನ ಅಂಚು ದಾಟಿ ಮುಂದೆ ಬಂದಿರುತ್ತಿತ್ತು. ಅತ್ತೆ ಅದರ ಮೇಲೆ ಎರಡು ಸಲ ಕೈಯಿಂದ ತಟ್ಟಿ, "ಹೂಂ, ಈಗ ನಡೀರಿ" ಎನ್ನುವರು. ಆ ಗಂಟಿನ ಆಚೆ ನಿಮ್ಮ ಮುತ್ಯಾ ಇದ್ದಾರೆಂಬುದು ನನಗೆ ಅವರ ಕೆಮ್ಮಿನಿಂದ ಮಾತ್ರ ಗೊತ್ತಾಗುತ್ತಿತ್ತು.

ಮದುವೆಯಾದ ಮೊದಲ ಮಳೆಗಾಲದಲ್ಲಿ ನಾನು ತವರಿಗೆ ಹೊರಟೆ. ಹಳ್ಳಕ್ಕೆ ಇಳಿಯುವ ಮುಂಚೆ ಮಾವ ಹಿಂದಿನಿಂದ ತಗಡು ಬಡಿದು, "ಮುಂದಿನ್ವು ಹಾಕೋ" ಎಂದು ಕೂಗಿದರು. ನಿಮ್ಮ ಮುತ್ಯಾ ಕೋಲು ಎಳೆದರು. ಕಟಕ್ ಎಂದಿತು. "ಬಿತ್ತು" ಎಂದು ಇವರು ಕೂಗಿದರು. "ಬಿತ್ತಂದ್ರ ಬಿಡು" ಎಂದು ಹಿಂದಿನಿಂದ ಮಾವ ಕೂಗಿದರು. ಗಾಡಿ ಹಳ್ಳದ ನಡುವಿನ ತನಕ ಗಂಭೀರವಾಗಿ ಹೋಗಿ ಕೂತುಬಿಟ್ಟಿತು. ಹಿಂದಿನ ಗಾಲಿಗಳು ಗರಗರ ತಿರುಗಿ ಕೆಸರನ್ನೆಲ್ಲ ಎತ್ತಿ ತೂರಿದವು, ಮುಂದಿನ ಎರಡು ಸೋಮವಾರದ ಎತ್ತಿನ ಹಾಗೆ ಸುಮ್ಮನೆ ನಿಂತಿದ್ದವು. ಕೆಸರು ಎಲ್ಲಿ ಹೋಯಿತೆಂದು ಬೇರೆ ಹೇಳಬೇಕಿಲ್ಲ. ತೊಟ್ಟಿಯಲ್ಲಿ ಮಾವ ನಿಂತಿದ್ದರು. ಅಪ್ಪನ ತೋಟದಿಂದ ಎತ್ತು ಬಂದು ಎಳೆದವು. ಮನೆಯಲ್ಲಿ ಗಂಟು ಬಿಚ್ಚಿದ ನನ್ನ ಅವ್ವ, "ಇದೇನವ್ವ, ನಿಮ್ಮತ್ತಿ ರೊಟ್ಟಿ ಮುರದು ಕಳಸ್ಯಾಳ? ಒಂದು ಬಾಜೂ ಎಲ್ಲಾ ಅರ್ಧ ಚಂದ್ರಮ ಆಗ್ಯಾವ" ಎಂದಳು. ತಿರುಗಿ ಬರುವಾಗ ನಾನು ಅಪ್ಪನ ಬಂಡಿಯಲ್ಲಿ ಹಳ್ಳ ದಾಟಿದ ಮೇಲೆಯೇ ಗಾಡಿ ಹತ್ತಿದೆ. ಊರಿಗೆ ಬಂದ ಮೇಲೆ ಅತ್ತೆ, "ರೊಟ್ಟಿ ಹೆಂಗಿದ್ವು ಅಂದ್ರು ನಿಮ್ಮವ್ವ?" ಎಂದು ಕೇಳಿದರು. ನಾನು, "ಚಂದ್ರಮನಂಗ ಅದಾವ ಅಂದ್ರು" ಎಂದೆ. ಅತ್ತೆಗೆ ಸಂತೋಷವಾಯಿತು.

ಗಾಡಿಯನ್ನು ಸ್ಟೇಶನ್ ಬಜಾರದ ಕಾಸಿಂ ಮಿಸ್ತ್ರಿಗೆ ತೋರಿಸಿದರು. ಈ ಮಿಸ್ತ್ರಿ ಯಾವುದೋ ಕಾಲದಲ್ಲಿ ಒಬ್ಬ ನವಾಬರ ಮೋಟಾರು ಒರೆಸುತ್ತಿದ್ದವರು. ಯಾವ ಮಾತು ಎತ್ತಿದರೂ ಆ ಮೋಟಾರು ಬಂದೇ ಬರುತ್ತಿತ್ತು. "ನವಾಬ್ ಸಾಬ್‌ರ ಗಾಡಿಗೂ ಹಿಂಗೇ ಆಗಿತ್ರಿ" ಎಂದು ಶುರುಮಾಡುವರು. ಅವರ ಗಾಡಿಯ ಮುಂದಿನ ಗಾಲಿ ಜಗ್ಗುವ ಜಾತಿಯದೇ ಅಲ್ಲವಲ್ಲ ಎಂದು ನಿಮ್ಮ ಮುತ್ಯಾ ಒಮ್ಮೆ ಹೇಳಿದರೆ, "ಅದಕ್ಕೇ ಸಾಬ್‌ರು ಅದನ್ನ ಮಾರಿಬಿಟ್ರು" ಎಂದರು. ಮೊದಲು ಅವರು ಗೇರಿನ ಎಣ್ಣೆ ಸುಟ್ಟಿದೆ ಎಂದು ಎಣ್ಣೆ ಬದಲಿಸಿದರು. ಜಾಕ್ ಹಚ್ಚಿ ಗಾಡಿಯ ಮೂತಿ ಎತ್ತಿ, ಕೋಲು ಎಳೆದು ನೋಡಿದರೆ ಮುಂದಿನ ಗಾಲಿ ಸೊಗಸಾಗಿ ತಿರುಗಿದವು. "ಕಟಕ್ ಅಂತ ಸಪ್ಪಳ ಬಂತಂದ್ರ ಸಮಜ್ ಲೋ, ಬಿತ್ತು" ಎಂದು ನಿಮ್ಮ ಮುತ್ಯಾಗೆ ಪಾಠ ಹೇಳಿದರು. ಮಾವ ಒಪ್ಪಲಿಲ್ಲ, ಗಾಡಿಯನ್ನು ಕೋಟೆಯ ಕಂದಕದ ಪಕ್ಕದ ಕೆಸರಿಗೆ ಇಳಿಸಿ ಪರೀಕ್ಷೆ ಮಾಡಿದರು. ಫೌಜಿ ಗಾಡಿ ಎಮ್ಮೆಗಳನ್ನು ಎಬ್ಬಿಸಿಕೊಂಡು ಆ ಕಡೆ ಹೋಗಿ, ಈ ಕಡೆ ಬಂತು. ನೋಡಲು ಕೂಡಿದವರೆಲ್ಲ ಚಪ್ಪಾಳೆ ತಟ್ಟಿದರು. ಎಮ್ಮೆಯ ಒಡೆಯರು ತಟ್ಟಲಿಲ್ಲ.

ಹಣ್ಣು ತರಲು ಅಪ್ಪ ಮಗ ಇಬ್ಬರೇ ಹೋದಾಗಲೂ ಅದೇ ಹಳ್ಳವನ್ನು ಗಾಡಿ ಹಾಡುತ್ತ ದಾಟುತ್ತಿತ್ತು. ಆದರೆ ಮುಂದೆ ಒಂದು ಹುಣ್ಣಿಮೆಗೆ ನಾನು ಹೊರಟೆ ನೋಡಿ, ಕೋಲು ಎಳೆದರು, ಕಟಕ್, "ಬಿತ್ತು", "ಬಿಡು", ಮತ್ತೆ ನಡು ಹಳ್ಳ. ಮಾವ ಈ ಸಲ ಮುಂಜಾಗ್ರತೆಯಿಂದ ಕೊಡೆ ತಂದಿದ್ದರು. ಆದರೆ ಕೆಸರು ಮೇಲಿನಿಂದ ಬರುವುದಿಲ್ಲ, ಕೆಳಗಿನಿಂದ ಬರುತ್ತದೆ. ಅವ್ವ ಮತ್ತೆ ಅರ್ಧಚಂದ್ರದ ರೊಟ್ಟಿ ಎಣಿಸಿ ಇಟ್ಟಳು. "ನಿಮ್ಮತ್ತಿಗಿ ನಾವು ಇಡೀ ರೊಟ್ಟಿ ತಿನ್ನೋ ಮಂದಿ ಅನಸಿಲ್ಲ ಕಾಣ್ತದ" ಎಂದು ಕಣ್ಣು ಒರೆಸಿಕೊಂಡಳು. ಮಿಸ್ತ್ರಿ ಮುಂದಿನ ಶಾಫ್ಟಿನ ಜೋಡಣೆ ಬಿಚ್ಚಿ ಕಟ್ಟಿದರು. ಮುಂದಿನ ಟೈರು ಸವೆದು ಹಿಂದಿನವಕ್ಕಿಂತ ಸಣ್ಣವಾಗಿವೆ, ಅದಕ್ಕೇ ಎಂದು ಹಿಂದಿನವನ್ನು ಮುಂದೆ, ಮುಂದಿನವನ್ನು ಹಿಂದೆ ಮಾಡಿದರು. ಕಂದಕದ ಕೆಸರಿನಲ್ಲಿ ಗಾಡಿ ಪ್ರತಿಸಲ ಪಾಸಾಯಿತು. ನಾನು ಕೂತು ತವರಿಗೆ ಹೊರಟ ಪ್ರತಿಸಲ ನಾಪಾಸಾಯಿತು.

ಕಡೆಗೆ ಮಿಸ್ತ್ರಿ ಕೈ ಒರೆಸಿಕೊಂಡು, "ಗಾಡಿ ದುರುಸ್ತ ಅದರಿ. ನಿಮ್ಮ ಸೊಸಿಗಿ ಅಂಜತದ" ಎಂದುಬಿಟ್ಟರು. ಪಕ್ಕದ ಮನೆಯ ಹೆಂಗಸರು ನನ್ನ ಕಾಲ್ಗುಣದ ಮಾತು ತೆಗೆದರು. ಇಷ್ಟಿಷ್ಟೇ ಊಟ ಮಾಡುವ ನನ್ನನ್ನು ನೋಡಿ ಒಬ್ಬಾಕೆ, "ಸಣ್ಣಾಕಿ ಕಂಡ್ರೂ ಒಳಗ ಭಾರ ಇರಬೇಕು" ಎಂದಳು. ಅತ್ತೆ ಉಪ್ಪು ಮೆಣಸಿನಕಾಯಿ ತೆಗೆದುಕೊಂಡು ನನ್ನನ್ನು ಗಾಡಿಯ ಪಕ್ಕದಲ್ಲಿ ನಿಲ್ಲಿಸಿ ಇಬ್ಬರಿಗೂ ಸೇರಿಸಿ ಒಂದೇ ದೃಷ್ಟಿ ತೆಗೆದರು. ಎರಡು ಸಲ ಮೆಣಸಿನಕಾಯಿ ಯಾಕೆ ಸುಡುವುದೆಂದು. ನನಗೆ ಕೆಮ್ಮು ಬಂತು, ಗಾಡಿಗೆ ಏನೂ ಆಗಲಿಲ್ಲ.

ಅಷ್ಟರಲ್ಲಿ ನಾಗರ ಪಂಚಮಿ ಹತ್ತಿರ ಬಂತು. ಹೊಸದಾಗಿ ಮದುವೆಯಾದ ಹುಡುಗಿಗೆ ಪಂಚಮಿಯೆಂದರೆ ಏನೆಂದು ಈಗಿನ ನಿಮಗೆ ತಿಳಿಯುವುದಿಲ್ಲ. ತೋಟದ ಬೇವಿನ ಮರಕ್ಕೆ ಜೋಕಾಲಿ ಕಟ್ಟಿರುತ್ತಾರೆ, ಶೇಂಗಾದುಂಡಿ, ಜೋಳದ ಅಳ್ಳು, ಗೆಳತಿಯರು, ಜೋರಾಗಿ ನಕ್ಕರೂ ಯಾರೂ ತಿರುಗಿ ನೋಡದ ಅಂಗಳ. ವರ್ಷವಿಡೀ ತಗ್ಗಿಸಿದ ತಲೆಯನ್ನು ಎತ್ತುವುದಕ್ಕೆ ಇರುವ ಹಬ್ಬ ಅದು. ಮಾವ ಜಗುಲಿಯ ಮೇಲೆ ಕೂತು, ಗೋಡೆಗೆ ಹೇಳುವ ಹಾಗೆ ನನಗೆ ಹೇಳಿದರು: "ಗಾಡಿ ಸರಿ ಆದ್ರ ಪಂಚಮಿಗಿ ಹೋಗೋದು. ಇಲ್ಲಂದ್ರ ಮುಂದಿನ ವರ್ಷ." ನನ್ನ ಅಣ್ಣ ಬಂದು, ಸರ್ವೀಸ್ ಮೋಟಾರಿನಲ್ಲಿ, ಅಂದರೆ ಬಸ್ಸಿನಲ್ಲಿ, ಕರೆದೊಯ್ಯುತ್ತೇನೆ ಎಂದ. ಮಾವ ಅವನಿಗೆ ಹೊಟ್ಟೆ ತುಂಬ ಊಟ ಹಾಕಿಸಿ, "ಮನ್ಯಾಗ ಮೋಟಾರ್ ಇಟಗೊಂಡು ಸೊಸಿ ಸರ್ವೀಸ್ ಮೋಟಾರದಾಗ ಹೋದ್ರ ಬಜಾರದಾಗ ನಾ ಮಾರಿ ಹೆಂಗ ತೋರಸ್ಲಿ?" ಎಂದು ಬರಿಗೈಯಲ್ಲಿ ಕಳಿಸಿದರು. ಮನೆಯಲ್ಲಿ ಎತ್ತಿನ ಬಂಡಿ ಇರಲಿಲ್ಲ. ಎತ್ತು ಮಾರಿಯೇ ಗಾಡಿ ತಂದದ್ದು. ನಾನು ಅಡುಗೆಮನೆಯ ಕತ್ತಲಲ್ಲಿ ಕೂತು ಒಲೆಯ ಹೊಗೆಯ ನೆಪದಲ್ಲಿ ಕಣ್ಣೀರು ಹಾಕಿದೆ.

ಅದರ ಮರುದಿನದ ಮಧ್ಯಾಹ್ನ. ಅಪ್ಪ ಮಗ ಊಟಕ್ಕೆ ಕೂತಿದ್ದರು. ನಾನು ಮಜ್ಜಿಗೆಯ ತಂಬಿಗೆ ಹಿಡಿದು ಬಾಗಿಲ ಮರೆಯಲ್ಲಿ ನಿಂತಿದ್ದೆ. ನಿಮ್ಮ ಮುತ್ಯಾ ಏನೋ ಯೋಚನೆಯಲ್ಲಿ ಕಡಕ್ ರೊಟ್ಟಿ ಮುರಿದರು. ಕಟಕ್ ಎಂದಿತು. ಅವರು ತಲೆ ಎತ್ತದೆ, "ಬಿತ್ತು" ಎಂದರು. ಮಾವನೂ ತಲೆ ಎತ್ತದೆ, "ಬಿತ್ತಂದ್ರ ಬಿಡು" ಎಂದು ಪುಂಡಿಪಲ್ಯ ಕಲಸತೊಡಗಿದರು. ಆಡಿದ್ದು ಇಬ್ಬರಿಗೂ ಗೊತ್ತೇ ಆಗಲಿಲ್ಲ. ನನ್ನ ಕೈಯ ತಂಬಿಗೆ ಮಾತ್ರ ಓರೆಯಾಗಿ ಮಜ್ಜಿಗೆಯೆಲ್ಲ ನನ್ನ ಪಾದದ ಮೇಲೆ ಹೋಯಿತು. ಹಳ್ಳದಲ್ಲಿ ಕಟಕ್ ಎಂದದ್ದು ಗೇರಲ್ಲ, ರೊಟ್ಟಿ! ಓಡಿಹೋಗಿ ಮೂಲೆಯಲ್ಲಿದ್ದ ಗಂಟಿನ ಧೋತರ ಬಿಡಿಸಿ ನೋಡಿದೆ. ನಿಂಬೆಹಣ್ಣಿನಷ್ಟು ಗುಂಡಗೆ ಕಪ್ಪು ಎಣ್ಣೆಯ ಕಲೆ ನನ್ನನ್ನೇ ನೋಡುತ್ತಿತ್ತು. ಇವರು ಕೋಲನ್ನು ಎಳೆದಾಗ ಅದು ಪೂರ್ತಿ ಹಿಂದೆ ಬರುವ ಮುಂಚೆಯೇ ಗಂಟಿಗೆ ತಾಗಿ, ಅಂಚಿನ ನಾಲ್ಕು ರೊಟ್ಟಿ ಮುರಿದು, ಉಳಿದ ಗೋಪುರಕ್ಕೆ ಬಡಿದು ನಿಂತುಬಿಡುತ್ತಿತ್ತು. ಸಪ್ಪಳ ಬಂದದ್ದರಿಂದ ಬಿತ್ತೆಂದು ಇವರು ಬಿಡುತ್ತಿದ್ದರು. ಮಿಸ್ತ್ರಿಯ ಅಂಗಡಿಯಲ್ಲಿ ರೊಟ್ಟಿ ಇರಲಿಲ್ಲ, ಆದ್ದರಿಂದ ಅಲ್ಲಿ ನಿಜವಾದ ಗೇರೇ ಬೀಳುತ್ತಿತ್ತು.

ಕಾರಣ ತಿಳಿಯಿತು, ಇನ್ನೇನು, ಹೇಳಿದರಾಯಿತಲ್ಲ ಎನ್ನುತ್ತೀರಿ. ಯಾರಿಗೆ ಹೇಳುವುದು? ಮಾವನ ಜೊತೆ ನಾನು ಮಾತಾಡುವ ಹಾಗಿಲ್ಲ. ಅತ್ತೆಗೆ, ನಿಮ್ಮ ರೊಟ್ಟಿ ಗಾಡಿ ನಿಲ್ಲಿಸಿತು ಎನ್ನುವ ಹಾಗಿಲ್ಲ. ಮಾಳಿಗೆಯ ಮೇಲೆ ಜೋಳ ಒಣಹಾಕುವ ನೆಪದಲ್ಲಿ ನಿಮ್ಮ ಮುತ್ಯಾಗೆ ಹೇಳಿದೆ. ಅವರು ಧೋತರದ ಕಲೆ ನೋಡಿ, ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಆಮೇಲೆ ಅವರ ಮುಖ ಇಳಿದುಹೋಯಿತು.

"ಖರೇ ಅದ. ಆದ್ರ ನಾ ಹೆಂಗ ಹೇಳ್ಲಿ?"

"ಯಾಕ್ರಿ? ನಿಮ್ಮ ಅವ್ವನೇ ಅಲ್ಲೇನ್ರಿ?"

"ಗಂಟು ತಗೀರಿ ಅಂದ್ರ ಅವ್ವ ಏನಂತಾಳ? ಹೆಣ್ತಿ ಬಾಜೂಕ ಕುಂದ್ರಾಕ ಮಗಾ ನೆಪ ಹುಡಕ್ಯಾನ ಅಂತಾಳ. ಅಪ್ಪನ ಮುಂದ ಅಂತಾಳ."

"ಹಂಗಾರ ನನ್ನ ಪಂಚಮಿ?"

ಅವರು ಜೋಳವನ್ನು ಇನ್ನೊಮ್ಮೆ ಕೆದರಿದರು. "ನೀನೇ ಹೇಳ್ಬಾರ್ದೇನು?" ಎಂದು ಮೆಟ್ಟಿಲು ಇಳಿದು ಹೋದರು. ನಾಚಿಕೆ ಗಂಡಸರಿಗೂ ಹತ್ತುತ್ತದೆ ಎಂದು ನಾನು ಮೊದಲೇ ಹೇಳಲಿಲ್ಲವೇ?

ಪಂಚಮಿ ಇನ್ನೇನು ಕೈಯಳತೆಯಲ್ಲಿದೆ ಎನ್ನುವಾಗ ಒಂದು ಬೆಳಿಗ್ಗೆ ಕಾಸಿಂ ಮಿಸ್ತ್ರಿ ಹತಾರದ ಚೀಲ ಹೊತ್ತು ಮನೆಗೇ ಬಂದರು. ಗಾಡಿ ಕಂದಕದ ಪಕ್ಕದಲ್ಲಿ ನಿಂತಿತ್ತು. "ಈಗ ಪೂರಾ ಬಿಚ್ಚತೀನ್ರಿ. ಗೇರ್ ಪೆಟ್ಟಿಗಿ ಕೆಳಗ ಇಳಸ್ತೀನಿ. ದೀಪಾವಳಿಗಿ ನಿಮ್ಮ ಗಾಡಿ ನಿಮ್ಮ ಕೈಯಾಗ" ಎಂದರು. ಮಾವ ತಲೆಯಾಡಿಸಿದರು. ನಿಮ್ಮ ಮುತ್ಯಾ ನನ್ನ ಕಡೆ ನೋಡಿದರು, ನಾನು ಅವರ ಕಡೆ ನೋಡಿದೆ, ಇಬ್ಬರೂ ನೆಲ ನೋಡಿದೆವು. ಮಿಸ್ತ್ರಿ ಮೊದಲ ಬೋಲ್ಟಿಗೆ ಪಾನಾ ಹಚ್ಚಿದರು. ಆಗ ನನ್ನ ಕಣ್ಣ ಮುಂದೆ ಬೇವಿನ ಮರದ ಜೋಕಾಲಿ ಬರಿದಾಗಿ ತೂಗಿತು. ಅತ್ತೆಯ ಸೀರೆಯ ಸೆರಗು ಹಿಡಿದು ಜಗ್ಗಿ, ಅವರ ಬೆನ್ನಿಗೆ ಹೇಳಿದೆ:

"ಅತ್ತಿ, ಮಾವಾರಿಗಿ ಹೇಳ್ರಿ. ಬಿಚ್ಚೋಕಿಂತ ಮೊದ್ಲು, ನನ್ನ ಬಿಟ್ಟು ಬರೇ ಗಂಟು ಕುಂದ್ರಿಸಿ ಒಮ್ಮಿ ಕೆಸರಿಗಿ ಇಳಸಿ ನೋಡ್ಲಿ."

ಮಾವ ನಿಂತದ್ದು ಒಂದು ಮಾರು ದೂರದಲ್ಲಿ. ಆದರೂ ಅತ್ತೆ ಅವರ ಕಡೆ ತಿರುಗಿ, "ಕೇಳಿದ್ರೇನು? ಸೊಸಿ ಅಂತಾಳ, ಆಕೀನ ಬಿಟ್ಟು ಬರೇ ಗಂಟು ಕುಂದ್ರಿಸಿ ನೋಡಬೇಕಂತ" ಎಂದರು.

"ಯಾಕಂತ ಕೇಳು" ಎಂದರು ಮಾವ.

"ಯಾಕವ್ವ?"

"ದೋಷ ನಂದೋ, ಗಂಟಿಂದೋ ಗೊತ್ತಾಗ್ಲಿ ಅಂತರಿ."

ಅತ್ತೆ ಸೊಂಟಕ್ಕೆ ಕೈಯಿಟ್ಟು, "ಇದನ್ನ ನಾ ಹೇಳಂಗಿಲ್ಲ. ಗಂಟು ನಂದು" ಎಂದರು.

"ಹೇಳೋದೇನದ, ನನಗ ಕೇಳಸ್ತು" ಎಂದರು ಮಾವ.

"ಕೇಳಸಿದ್ರೂ ನಾ ಹೇಳಿಲ್ಲ. ಅದು ಲೆಕ್ಕಕ್ಕಿಲ್ಲ."

"ಕ್ಯಾ ಬಾತ್ ಹೈ" ಎಂದು ಮಿಸ್ತ್ರಿ ಗಾಡಿಯ ಕೆಳಗಿನಿಂದ ತಲೆ ಹೊರಗೆ ಹಾಕಿದರು. "ಮದ್ಲ ಸೊಸಿಗಿ ಅಂಜತದ ಅಂದೆ. ಈಗ ರೊಟ್ಟಿಗೂ ಅಂಜತದೇನು?"

ಮಾವನಿಗೆ ನನ್ನ ಮೇಲೆ ನಂಬಿಕೆ ಬಂತೋ, ಗೇರ್ ಪೆಟ್ಟಿಗೆ ಬಿಚ್ಚುವ ಮಿಸ್ತ್ರಿಯ ಮೇಲಿನ ನಂಬಿಕೆ ಹೋಯಿತೋ, ಗಂಟು ತರಿಸಿದರು. ಪಂಚಮಿಗೆಂದು ಅತ್ತೆ ಆಗಲೇ ಬಡಿದಿಟ್ಟ ರೊಟ್ಟಿಗಳಿದ್ದವು. ಅಂದರೆ ನಾನು ಹೋಗಲಿ ಎಂದು ಅವರ ಮನಸ್ಸಿನಲ್ಲೂ ಇತ್ತು. ಗಂಟನ್ನು ಮೆರವಣಿಗೆಯಲ್ಲಿ ತಂದು ಸೀಟಿನ ನಡುವೆ ಕೂಡಿಸಿದರು. ಅತ್ತೆ ಅಭ್ಯಾಸದಂತೆ ಎರಡು ಸಲ ತಟ್ಟಿದರು. ನಿಮ್ಮ ಮುತ್ಯಾ ಕೋಲು ಎಳೆದರು. ಕಟಕ್. "ಬಿತ್ತು" ಎಂದರು, ಈ ಸಲ ಬಹಳ ಮೆಲ್ಲಗೆ. ಗಾಡಿ ಕೆಸರಿಗಿಳಿದು, ಎಮ್ಮೆಗಳ ನಡುವೆ ಇನ್ನೊಂದು ಎಮ್ಮೆಯಾಗಿ ಕೂತುಬಿಟ್ಟಿತು. ನಾನು ಆ ಗಾಡಿಯಿಂದ ಎಷ್ಟು ದೂರ ಇದ್ದೆನೆಂದು ಎಲ್ಲರಿಗೂ ಕಾಣಲಿ ಎಂದು ಇನ್ನೂ ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತೆ.

ಮಿಸ್ತ್ರಿ ಕೆಸರಿನಲ್ಲಿ ಹೋಗಿ ಬಾಗಿಲು ತೆಗೆದು ತಲೆ ಒಳಗೆ ಹಾಕಿದರು. ಕೋಲಿನ ಗುಂಡು ಗಂಟಿನ ಹೊಟ್ಟೆಯಲ್ಲಿ ಹುಗಿದುಕೊಂಡಿತ್ತು. ಬಹಳ ಹೊತ್ತು ತಲೆ ಹೊರಗೆ ಬರಲಿಲ್ಲ. ಬಂದ ಮೇಲೆ, "ನಾ ಮದ್ಲೇ ಹೇಳಿದ್ನೆಲ್ಲರಿ, ಗಾಡಿ ದುರುಸ್ತ ಅದ ಅಂತ. ನವಾಬ್ ಸಾಬ್‌ರ ಗಾಡ್ಯಾಗ ಒಮ್ಮಿ ಹಿಂಗೇ ಬಿರಿಯಾನಿ ಹಂಡೆ..." ಎಂದು ಶುರುಮಾಡಿದರು. ಯಾರೂ ಕೇಳಲಿಲ್ಲ. ಎಲ್ಲರೂ ಅತ್ತೆಯ ಮುಖ ನೋಡುತ್ತಿದ್ದರು. ಸಿಡಿಲು ಬೀಳುತ್ತದೆ ಎಂದು ನಾನು ಸೆರಗನ್ನು ಇನ್ನೂ ಮುಂದೆ ಎಳೆದುಕೊಂಡೆ.

ಅತ್ತೆ ಗಂಟನ್ನು ಇಳಿಸಿಕೊಂಡು, ಬಿಚ್ಚಿ, ಒಳಗಿನ ರೊಟ್ಟಿಗಳನ್ನು ಒಂದೊಂದಾಗಿ ಎತ್ತಿ ನೋಡಿದರು. "ಬರೇ ನಾಕು ಮುರದಾವ" ಎಂದರು. "ಉಳದದ್ದೆಲ್ಲಾ ಗಟ್ಟಿ ನಿಂತಾವ. ಲಡಾಯಿಗಿ ಹೋಗಿ ಬಂದ ಗಾಡಿ ಅದ ಇದು. ನನ್ನ ರೊಟ್ಟಿ ಇದನ್ನ ತಡದು ನಿಲ್ಲಿಸ್ಯಾವ." ಅಂದಿನಿಂದ ಅವರು ಸಾಯುವ ತನಕ ಈ ಕಥೆಯನ್ನು ಓಣಿಯಲ್ಲಿ ಹೇಳುತ್ತಿದ್ದರು, ಆದರೆ ಅದು ಗಾಡಿಯ ಕಥೆಯಾಗಿ ಉಳಿದಿರಲಿಲ್ಲ, ರೊಟ್ಟಿಯ ಕಥೆಯಾಗಿತ್ತು.

ಗಂಟು ಹಿಂದಿನ ತೊಟ್ಟಿಗೆ ಹೋಗಬೇಕೆಂದು ತೀರ್ಮಾನವಾಯಿತು. ನಿಮ್ಮ ಮುತ್ಯಾ ಆಕಾಶ ನೋಡುತ್ತ ನಿಂತಿದ್ದರು, ಆದರೆ ಅವರ ಕಿವಿ ಕೆಂಪಾಗಿತ್ತು. ನನ್ನದೂ ಆಗಿತ್ತೇನೋ, ಸೆರಗಿನ ಒಳಗೆ ಯಾರಿಗೆ ಕಾಣುತ್ತದೆ? ಆಗ ಅತ್ತೆ, "ಹಂಗಾದ್ರ ನಡುವ ಯಾರು?" ಎಂದು ಕೇಳಿದರು. ಕೇಳಿದವರೇ ಸೆರಗು ಸಿಕ್ಕಿಸಿಕೊಂಡು, "ನಾನೇ ಕುಂದ್ರತೀನಿ ತಗೋ" ಎಂದರು.

ಹೀಗೆ ನಾನು ಪಂಚಮಿಗೆ ತವರಿಗೆ ಹೋದೆ, ಅತ್ತೆಯ ಜೊತೆಯಲ್ಲಿ. ಅವರು ಸೀಟಿನ ನಡುವೆ ಕಾಲು ಮೇಲೆ ಮಡಚಿ, ಜಪಕ್ಕೆ ಕೂತ ಹಾಗೆ ಕೂತಿದ್ದರು. ಹಳ್ಳ ಬಂತು. ಇವರು ಕೋಲು ಎಳೆದರು. ಮುಂದಿನ ಎರಡು ಗಾಲಿ ಎದ್ದು ಜಗ್ಗಿದವು ನೋಡಿ, ಗಾಡಿ ಕೆಸರನ್ನು ಸೀಳಿಕೊಂಡು ದಂಡೆ ಹತ್ತಿತು. ಹಿಂದೆ ಮಾವ ರುಮಾಲು ಬಿಚ್ಚಿ ಬೀಸುತ್ತಿದ್ದರು. ಅವ್ವ ಗಂಟು ಬಿಚ್ಚಿ ಇಡೀ ಹುಣ್ಣಿಮೆಯಂಥ ರೊಟ್ಟಿಗಳನ್ನು ನೋಡಿ ಬೀಗತಿಯನ್ನು ತಬ್ಬಿಕೊಂಡಳು. ಜೋಕಾಲಿಯ ಮೇಲೆ ಯಾರು ಕೂತರು ಎನ್ನುತ್ತೀರಿ? ಅತ್ತೆ. ಅವರಿಗೆ ತವರು ಎಂಬುದು ಮುಗಿದು ಬಹಳ ವರ್ಷವಾಗಿತ್ತಂತೆ. ಒಮ್ಮೆ ಕೂತವರು ಇಳಿಯಲೇ ಇಲ್ಲ. ನಾನು ಕೆಳಗೆ ನಿಂತು ಜೀಕಿದೆ. ಅವರು ಜೋರಾಗಿ ನಕ್ಕರು, ಯಾರೂ ತಿರುಗಿ ನೋಡಲಿಲ್ಲ. ನನಗೆ ಜೋಕಾಲಿ ಸಿಕ್ಕಿದ್ದು ಸಂಜೆ, ಅವರಿಗೆ ತಲೆ ತಿರುಗಿದ ಮೇಲೆ.

ಇನ್ನು ಶರಣುವಿನ ಗಾಡಿಯ ಮಾತು. ಹೋದ ವಾರ ಕಮಲಾಪುರದ ತೋಟಕ್ಕೆ ಹೋದೆವಲ್ಲ, ಶರಣು, ಅವನ ಹೆಂಡತಿ, ನಾನು. ಹೊಸ ಹುಡುಗಿ ಕಿಟಕಿಯ ಪಕ್ಕ ಕೂಡಲಿ, ಗಾಳಿ ಬರಲಿ ಎಂದು ನಾನೇ ಮೊದಲು ಹತ್ತಿ ನಡುವೆ ಕೂತೆ. ಅದು ಗಾಳಿಗಾಗಿ ಎಂದೇ ನಾನು ತಿಳಿದಿದ್ದೆ. ಆ ಹುಡುಗಿ ಹತ್ತುವ ಮುಂಚೆ ಒಮ್ಮೆ ಶರಣುವಿನ ಮುಖ ನೋಡಿದಳು, ಅವನು ಆಕಾಶ ನೋಡಿದ. ಹಳ್ಳದ ಹತ್ತಿರ ಅವನು ಕೋಲು ಎಳೆದ. ಅದು ಬಂದು ನನ್ನ ಮೊಣಕಾಲಿಗೆ ತಾಗಿತು. ಅತ್ತೆಯ ಹಾಗೆ ಕಾಲು ಮಡಚಿ ಕೂಡಲು ನನಗೆ ಈಗ ಆಗುವುದಿಲ್ಲ. ಸಂಧಿವಾತದ ಕಾಲು, ಕಟಕ್ ಎಂದಿತು.

"ಬಿತ್ತು" ಎಂದ ಶರಣು.

ಅದು ಗೇರಲ್ಲಪ್ಪಾ, ನನ್ನ ಮೊಣಕಾಲು ಎಂದು ಹೇಳಬೇಕೆಂದೆ. ಹೊಸ ಸೊಸೆಯ ಮುಂದೆ ಕಾಲಿನ ಮಾತು ಹೇಗೆ ತೆಗೆಯುವುದೆಂದು ನಾಚಿಕೆಯಾಗಿ ಸುಮ್ಮನೆ ಕೂತೆ. ಮುಂದಿನದು ನಿಮಗೆ ಗೊತ್ತೇ ಇದೆ, ಟ್ರ್ಯಾಕ್ಟರ್ ತರಿಸಬೇಕಾಯಿತು. ಆದ್ದರಿಂದ ಶರಣು, ಗಾಡಿಯ ಕೆಳಗಿನಿಂದ ಎದ್ದು ಬಾ, ಬಿಚ್ಚಿದ್ದನ್ನೆಲ್ಲ ಮತ್ತೆ ಕಟ್ಟು. ಗಾಡಿಗೆ ಏನೂ ಆಗಿಲ್ಲ. ಮುಂದಿನ ಸಲ ನಾನು ಹಿಂದಿನ ತೊಟ್ಟಿಯಲ್ಲಿ ಕೂಡುತ್ತೇನೆ. ನಡುವಿನ ಕಿಟಕಿಯ ಕಡೆಗೆ ಬೆನ್ನು ಮಾಡಿ.